ಮೌನೇಶಪ್ಪನವರ ಅಂಗೈ

ಒಬ್ಬ ಮನುಷ್ಯನ ಕೈಗೆ ಗೊತ್ತಿರುವುದನ್ನು ಯಂತ್ರಕ್ಕೆ ಕಲಿಸಬಹುದೇ ಎಂದು ಕೇಳಿದವಳು ನಾನೇ. ಆ ಕೈಗೆ ಏನು ಗೊತ್ತಿಲ್ಲ ಎಂದೂ ಕೇಳಬೇಕಿತ್ತು, ಕೇಳಲಿಲ್ಲ. ಈಗ ಯಾರಾದರೂ ನನ್ನನ್ನು ವಿಜ್ಞಾನಿ ಎಂದು ಪರಿಚಯಿಸಿದರೆ ಮೈಯೆಲ್ಲ ಉರಿಯುತ್ತದೆ.

ನಮ್ಮದು ಬೆಳಗಾವಿಯಿಂದ ಸ್ವಲ್ಪ ದೂರ, ಕೆಂಪು ಮಣ್ಣಿನ ದಿನ್ನೆಯ ಮೇಲಿದ್ದ ತೋಪಿನ ಕಾರ್ಖಾನೆ. ತೋಪು ಎಂದರೆ ಎಲ್ಲರ ಕಣ್ಣೂ ನಳಿಗೆಯ ಮೇಲೆ. ಆ ನಳಿಗೆ ನಮ್ಮದಲ್ಲ, ಬೇರೆ ಕಡೆಯಿಂದ ಬರುತ್ತಿತ್ತು. ಅದನ್ನು ಹೊತ್ತುಕೊಳ್ಳುವ ಭಾಗವನ್ನು ನಾವು ಮಾಡುತ್ತಿದ್ದೆವು. ಫಿಟ್ಟರುಗಳು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ನಲವತ್ತೈದು ಕಿಲೋ ಗುಂಡು ಮುಂದಕ್ಕೆ ಹಾರಿದಾಗ ಎರಡು ಟನ್ನಿನ ನಳಿಗೆ ಹಿಂದಕ್ಕೆ ಒದೆಯುತ್ತದೆ. ತೊಟ್ಟಿಲೊಳಗಿನ ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಗ್ಗುತ್ತ ಆ ಒದೆತವನ್ನು ನುಂಗಿ, ಒಂದು ಮೀಟರಿನೊಳಗೆ ನಳಿಗೆಯನ್ನು ನಿಲ್ಲಿಸಬೇಕು. ಆಮೇಲೆ ಒತ್ತಿಟ್ಟ ಗಾಳಿ ಅದನ್ನು ಮೊದಲಿನ ಜಾಗಕ್ಕೆ ತಳ್ಳಬೇಕು. ತುಸು ಬಿಗಿಯಾದರೆ ತೋಪೇ ಎಗರುತ್ತದೆ, ತುಸು ಸಡಿಲಾದರೆ ನಳಿಗೆ ಹಿಂದೆ ಹೋಗಿ ಬಡಿಯುತ್ತದೆ. ಎರಡರಲ್ಲೂ ಗುರಿ ಕೆಡುತ್ತದೆ.

ಈ ಬಿಗಿ-ಸಡಿಲನ್ನು ಹೊಂದಿಸುತ್ತಿದ್ದವರು ಮಿಸ್ತ್ರಿ ಮೌನೇಶಪ್ಪ ಕಮ್ಮಾರ. ಇಡೀ ಕಾರ್ಖಾನೆಗೆ ಅವರು ಮೌನೇಶ ಕಾಕಾ. ಅವರ ಕೆಲಸದ ರೀತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಪರೀಕ್ಷಾ ಮೈದಾನದಲ್ಲಿ ತೋಪಿನ ಪಕ್ಕಕ್ಕೆ ದಪ್ಪ ಇಟ್ಟಿಗೆ ಗೋಡೆ, ಗೋಡೆಯಲ್ಲೊಂದು ಕಿಂಡಿ. ತೊಟ್ಟಿಲಿಗೆ ಬಿಗಿದ ಉಕ್ಕಿನ ಸಲಾಕೆಯೊಂದು ಆ ಕಿಂಡಿಯಿಂದ ಹೊರಬರುತ್ತಿತ್ತು. ಕಾಕಾ ಗೋಡೆಯ ಹಿಂದೆ ನಿಂತು ಸಲಾಕೆಯ ತುದಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಗುಂಡು ಹಾರಿದ ಮೇಲೆ ಹೋಗಿ ಪಾನಾ ಹಿಡಿದು ಕವಾಟವನ್ನು ಕಾಲು ಸುತ್ತು ತಿರುಗಿಸುವರು. ಮತ್ತೊಂದು ಗುಂಡು, ಮತ್ತೆ ಕಾಲು ಸುತ್ತು. ಕೊನೆಗೆ ಒಂದೇ ಮಾತು: "ಹೌದು." ಅಷ್ಟು ಹೇಳಿದರೆ ಮಾತ್ರ ಸೈನ್ಯದ ತಪಾಸಣೆಯವರು ಸಹಿ ಹಾಕುತ್ತಿದ್ದರು. ಮೂವತ್ತಾರು ವರ್ಷ ಹೀಗೇ ನಡೆದಿತ್ತು.

ದಸರೆಯಲ್ಲಿ ಖಂಡೇ ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಹತಾರಗಳಿಗೆ ಕುಂಕುಮ ಹಚ್ಚಿ ಹೂವು ಏರಿಸುತ್ತಾರಲ್ಲ, ನಮ್ಮ ಕಾರ್ಖಾನೆಯಲ್ಲಿ ಲೇಥು, ಕ್ರೇನುಗಳ ಪೂಜೆಯಾದ ಮೇಲೆ ಕಾಕಾನ ಅಂಗೈಗೂ ಕುಂಕುಮ ಹಚ್ಚುತ್ತಿದ್ದರು. ಅವರು ನಾಚಿಕೊಂಡು, "ಸಾಕ್ರ್ಯೋ, ಮಂಗ್ಯಾನಂಗ ಮಾಡಬ್ಯಾಡ್ರಿ," ಎಂದು ಬೈಯುತ್ತ ಕೈ ಚಾಚುತ್ತಿದ್ದರು.

ನಾನು ಧಾರವಾಡದಿಂದ ಬಂದವಳು, ಹೆಸರು ಶಾಲ್ಮಲಾ. ನಾನು ತಂದದ್ದು ಹೊಸ ಎಣ್ಣೆ. ಅದರಲ್ಲಿ ಹಿಟ್ಟಿನಷ್ಟು ನುಣುಪಾದ ಕಬ್ಬಿಣದ ಪುಡಿ ಬೆರೆತಿರುತ್ತದೆ. ಸುತ್ತಲಿನ ತಂತಿಗೆ ಕರೆಂಟು ಕೊಟ್ಟರೆ ಸೆಕೆಂಡಿನ ಸಾವಿರದ ಕೆಲವೇ ಪಾಲುಗಳಲ್ಲಿ ಮೊಸರಿನಂತೆ ಗಟ್ಟಿಯಾಗುತ್ತದೆ, ತೆಗೆದರೆ ಮತ್ತೆ ಎಣ್ಣೆ. ಅಂದರೆ ಗುಂಡು ಹಾರುತ್ತಿರುವ ಆ ಕ್ಷಣದಲ್ಲೇ ತೊಟ್ಟಿಲು ತನ್ನ ಬಿಗಿಯನ್ನು ನೂರು ಸಲ ಬದಲಿಸಿಕೊಳ್ಳಬಹುದು. ಆದರೆ ಯಾವಾಗ, ಎಷ್ಟು? ಅದಕ್ಕೊಬ್ಬ ಗುರು ಬೇಕಿತ್ತು. ಸಂವೇದಕಗಳನ್ನು ಹೊಲಿದ ಕೈಗವಸು ಮಾಡಿಸಿದೆ. ಕಾಕಾ ಅದನ್ನು ತೊಟ್ಟು ತಮ್ಮ ಪಾಡಿಗೆ ಕೆಲಸ ಮಾಡುವುದು, ಸಲಾಕೆಯಲ್ಲಿ ಬಂದ ಕಂಪನವನ್ನೂ ಅದಕ್ಕೆ ಅವರು ಮಾಡಿದ ತಿದ್ದುಪಡಿಯನ್ನೂ ಕಂಪ್ಯೂಟರು ಬರೆದುಕೊಳ್ಳುವುದು. ಅವರು ತಿದ್ದಿದ್ದನ್ನು ಯಂತ್ರವೂ ತಿದ್ದಲು ಕಲಿಯುತ್ತದೆ. ಅವರು ಹಾಗೇ ಬಿಟ್ಟಿದ್ದನ್ನು, ಬಿಡಲು ಕಲಿಯುತ್ತದೆ.

ನಾನೇ ಬರೆದ ವಿಧಾನದ ಮೊದಲ ಪುಟದ ಮೊದಲ ಸಾಲು: ಗುರುವಿನ ಬೆರಳುಗಳ ಸ್ಪರ್ಶ ಪರೀಕ್ಷೆ. ಅದಕ್ಕೊಂದು ಪುಟ್ಟ ಡಬ್ಬಿ. ಅದರ ಮೇಲಿನ ಮೊಳೆ ಸಣ್ಣಗೆ ನಡುಗುತ್ತದೆ. ಬೆರಳಿಟ್ಟವರು ನಡುಕ ಗೊತ್ತಾದ ಕೂಡಲೇ ಹೇಳಬೇಕು. ಹತ್ತು ನಿಮಿಷದ ಕೆಲಸ.

ಡಬ್ಬಿ ಹಿಡಿದು ಹೋದದ್ದು ದಸರೆಯ ಮರುದಿನ. ಕಾಕಾನ ಅಂಗೈ ಗೆರೆಗಳಲ್ಲಿ ಇನ್ನೂ ಕುಂಕುಮವಿತ್ತು.

"ಇದೇನ ತಂಗಿ?" ಎಂದರು.

"ಕಾಕಾ, ನಿಮ್ಮ ಬೆರಳಿಗೆ ಎಷ್ಟು ಸಣ್ಣದು ಗೊತ್ತಾಗ್ತದ ಅಂತ ನೋಡೂದು..."

ಪಕ್ಕದಲ್ಲಿದ್ದ ಫಿಟ್ಟರ್ ಪರುಶರಾಮ ಗಟ್ಟಿಯಾಗಿ ನಕ್ಕ. "ಗಂಗಿ ನೀರ ಸೋಸಾಕ ಹೊಂಟಾರ ನೋಡ್ರಿ ಮೇಡಮ್ಮಾರು!"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಡಬ್ಬಿಯನ್ನೇ ನೋಡುತ್ತಿದ್ದರು. ಅವರಿಗೆ ಅವಮಾನವಾಯಿತೆಂದು ನಾನು ತಿಳಿದೆ. ಪೂಜೆ ಮಾಡಿಸಿಕೊಂಡ ಕೈಯನ್ನು ಪರೀಕ್ಷೆ ಮಾಡುವಷ್ಟು ದೊಡ್ಡವಳೇ ನಾನು? ಡಬ್ಬಿಯನ್ನು ಚೀಲದೊಳಗಿಟ್ಟೆ. ಆ ಸಾಲಿನೆದುರು "ಸರಿ ಇದೆ" ಎಂದು ಬರೆದು ಸಹಿ ಹಾಕಿದೆ.

ಎರಡು ವರ್ಷದಲ್ಲಿ ಸಾವಿರದ ನೂರು ಗುಂಡು ಹಾರಿದವು. ಪರದೆಯ ಮೇಲೆ ದೊಡ್ಡ ಅಲೆಗಳ ಬೆನ್ನಿಗೆ ಕೂದಲೆಳೆಯಂಥ ಒಂದು ಸಣ್ಣ ನಡುಕ ಪ್ರತಿ ಸಲವೂ ಕಾಣುತ್ತಿತ್ತು, ಸೆಕೆಂಡಿಗೆ ನೂರೈವತ್ತು ಸಲ ಝುಂಯ್ ಎನ್ನುವಂಥದ್ದು. ಕಾಕಾ ಒಮ್ಮೆಯೂ ಅದಕ್ಕೆಂದು ಕವಾಟ ಮುಟ್ಟಲಿಲ್ಲ. ನನಗೂ ಕಂಡಿತ್ತು. ಕಾಕಾ ಬಿಟ್ಟಿದ್ದಾರೆ ಅಂದಮೇಲೆ ಏನೋ ಕಾರಣವಿರಬೇಕು ಎಂದುಕೊಂಡೆ. ಯಂತ್ರವೂ ಅದನ್ನೇ ಅಂದುಕೊಂಡಿತು. ಇಬ್ಬರಲ್ಲಿ ಓದಿದವರು ಯಾರು ಎಂದು ನೀವೇ ಹೇಳಿ.

ಹೊಸ ತೊಟ್ಟಿಲಿಗೆ ನಿರ್ದೇಶಕ ಕುಂದರಗಿ ಸಾಹೇಬರು "ಹಸ್ತ" ಎಂದು ಹೆಸರಿಟ್ಟರು. ಅದರ ಪ್ರದರ್ಶನದ ದಿನ ದೊಡ್ಡ ಜಾತ್ರೆಯೇ ಸೇರಿತ್ತು. ತೋಪಿನ ಕಾಲಿನ ಮೇಲೆ ಅಂಚಿನವರೆಗೆ ತುಂಬಿದ ಚಹದ ಲೋಟ ಇಟ್ಟರು. ಗುರಿ ಕೂಡಿಸುವ ಚಕ್ರ ಹಿಡಿದು ಕುಳಿತಿದ್ದವನು ಲಗಮಣ್ಣ, ನಿಪ್ಪಾಣಿಯ ಕಡೆಯ ಸೈನಿಕ. ಅವನ ತಾಯಿ ಬೀಡಿ ಕಟ್ಟುವವಳು. ತಾಯಿಯಿಂದ ಕಲಿತು ಅವನೂ ಕಣ್ಣು ಮುಚ್ಚಿ ಬೀಡಿ ಸುತ್ತಿ ದಾರ ಕಟ್ಟುತ್ತಿದ್ದ, ಸೇದುತ್ತಿರಲಿಲ್ಲ. ಬೆರಳು ಸುಮ್ಮನಿರುವುದಿಲ್ಲ ಎಂದು ನಗುತ್ತಿದ್ದ.

ಗುಂಡು ಹಾರಿತು. ಲೋಟದಿಂದ ಒಂದು ಹನಿಯೂ ತುಳುಕಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಲಗಮಣ್ಣ ಕೂತಲ್ಲಿಂದಲೇ ಕೂಗಿದ: "ಮೇಡಂ, ಮೊದಲಿನ ತೋಪಿನ್ಯಾಗ ಪ್ರತಿ ಗುಂಡಿಗೂ ಎದ್ದ ದೂರ ಹೋಗಬೇಕಾಗತಿತ್ತು. ಇದರಾಗ ಚಕ್ರದ ಮ್ಯಾಲಿನ ಕೈ ಸೈತ ತಗೀಬೇಕಾಗಿಲ್ಲ!"

ಲೋಟದ ಬಳಿ ಇದ್ದವಳು ನಾನೇ. ಚಹದ ಮೇಲೆ ಕೂದಲಿನಷ್ಟು ಸಣ್ಣ ಉಂಗುರಗಳು ಎದ್ದು ಅಳಿಸಿಹೋದದ್ದನ್ನು ನೋಡಿದೆ. ತುಳುಕಿತೇ ಎಂದು ಎಲ್ಲರೂ ನೋಡುತ್ತಿದ್ದರು, ತುಳುಕಿರಲಿಲ್ಲ. ಗೋಡೆಯ ಹಿಂದಿನಿಂದ ಕಾಕಾನ ದನಿ ಬಂತು: "ಹೌದು."

ಅರವತ್ತು ತೋಪುಗಳು ಗಡಿಗೆ ಹೋದವು.

ಹದಿನಾಲ್ಕು ತಿಂಗಳ ಮೇಲೆ ಲಗಮಣ್ಣನ ಫೋನು ಬಂತು. ಮೊದಲು ನನ್ನ ಆರೋಗ್ಯ ಕೇಳಿದ, ಕಾಕಾನನ್ನು ಕೇಳಿದ, ಬೆಳಗಾವಿಯ ಮಳೆ ಕೇಳಿದ.

"ಮೇಡಂ, ಬೀಡೀಗೆ ದಾರ ಸುತ್ತಾಕ ಬರವಲ್ದು."

"ಅಂದ್ರ?"

"ದಾರ ಬೆರಳಿನ್ಯಾಗ ಐತೋ ಇಲ್ಲೋ ಗೊತ್ತಾಗವಲ್ದು. ಬೆರಳ ಸುಣ್ಣದಂಗ ಬೆಳ್ಳಗ ಆಗತಾವ. ನಾ ಒಬ್ಬನ ಅಲ್ರಿ. ಚಕ್ರ ಹಿಡಿಯೂರು ಹನ್ನೊಂದ ಮಂದಿ ಆದಿವಿ. ಅಂಗಿ ಗುಂಡಿ ಒಬ್ಬರದೊಬ್ಬರು ಹಾಕ್ಕೋತ ಕುಂತೇವಿ."

ಹನ್ನೊಂದು ಜನರ ದೂರು ಮೊದಲೇ ಕಾಗದದಲ್ಲಿ ಬಂದಿತ್ತೆಂದು ಆಮೇಲೆ ತಿಳಿಯಿತು. "ಶೀತಪ್ರದೇಶ, ಸಹಜ" ಎಂದು ಅದರ ಮೇಲೆ ಕುಂದರಗಿ ಸಾಹೇಬರ ಕೈಬರಹವಿತ್ತು.

ನಿಯಂತ್ರಣ ಕೊಠಡಿಯಲ್ಲಿ ಹಳೆಯ ದಾಖಲೆಗಳನ್ನೆಲ್ಲ ತೆಗೆದು ಕುಳಿತೆ. ಸಾವಿರದ ನೂರು ಗುಂಡುಗಳಲ್ಲೂ ಅದೇ ಸಣ್ಣ ನಡುಕ. ಕಲ್ಲು ಕೊರೆಯುವ ಯಂತ್ರ ಹಿಡಿದವರ ಕೈ ಸಾಯುವುದು ಇಂಥ ನಡುಕದಿಂದಲೇ. ಬೆರಳಿನ ರಕ್ತನಾಳ ಬಿಗಿದು, ನರ ಸೋತು, ಹೋದ ಸ್ಪರ್ಶ ಬಹಳ ಮಂದಿಗೆ ಮರಳಿ ಬರುವುದಿಲ್ಲ. ಹಳೆಯ ತೋಪಿನಲ್ಲೂ ನಡುಕವಿತ್ತು, ಆದರೆ ಆಗ ಯಾರೂ ಚಕ್ರ ಹಿಡಿದು ಕೂರುತ್ತಿರಲಿಲ್ಲ. ನಮ್ಮ ತೋಪು ಅಷ್ಟು ಸಾಧುವಾಗಿತ್ತಲ್ಲ, ಅದಕ್ಕೇ ಹುಡುಗರು ಕೈ ತೆಗೆಯದೆ ದಿನಕ್ಕೆ ನೂರು ಗುಂಡು ಹಾರಿಸಿದರು. ಆ ನಡುಕವನ್ನು ಅಡಗಿಸುವ ಶಕ್ತಿ ನನ್ನ ಎಣ್ಣೆಗಿತ್ತು. ಅಡಗಿಸಬೇಕೆಂದು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮೂವತ್ತಾರು ವರ್ಷ ಆ ಸಲಾಕೆ ಹಿಡಿದ ಕೈಗೆ ಆ ನಡುಕ ಗೊತ್ತಾಗಲಿಲ್ಲವೇ? ಕೇಳುತ್ತಿದ್ದಂತೆಯೇ ಉತ್ತರ ಹೊಳೆಯಿತು.

ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಕಾಕಾನ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಕಾಕಾ ನಿಂತಿದ್ದರು. ಅವರ ಹೆಂಡತಿ ನೀಲವ್ವ ಕಾಕೂ ಅವರ ಖಾಕಿ ಅಂಗಿಯ ಗುಂಡಿ ಹಾಕುತ್ತಿದ್ದರು, ಶಾಲೆಗೆ ಹೊರಟ ಕೂಸಿಗೆ ಹಾಕಿದಂತೆ. ನನ್ನನ್ನು ಕಂಡು ಮೂರನೆಯ ಗುಂಡಿಗೆ ಅವರ ಕೈ ನಿಂತಿತು.

"ಬಾ ತಂಗಿ," ಎಂದರು ಕಾಕಾ. "ಸೊಂಟ ಹಿಡದೈತಿ. ಅದಕ್ಕ ಇಕಿ..."

"ಸೊಂಟ ಹಿಡದರ ಅಂಗೀ ಗುಂಡಿ ಹಾಕತಾರೇನ್ರಿ?" ಎಂದರು ಕಾಕೂ.

ನಾನು ಲಗಮಣ್ಣನ ಮಾತು ಹೇಳಿದೆ. ಹನ್ನೊಂದು ಹುಡುಗರು, ಬೆಳ್ಳಗಾಗುವ ಬೆರಳು, ಕಟ್ಟಲಾಗದ ದಾರ.

ಕಾಕಾ ಗೋಡೆ ನೋಡುತ್ತ ಹೇಳಿದರು: "ಅಲ್ಲಿ ಥಂಡಿ ಭಾಳ. ಥಂಡೀಗೆ ಕೈ ಜೋಮ ಹಿಡೀತಾವ."

"ನಿಮಗ ವೈಶಾಖದಾಗ ಹಿಡೀತಾವಲ್ಲ, ಅದ್ಯಾವ ಥಂಡಿ?" ಕಾಕೂ ನನ್ನ ಕಡೆ ತಿರುಗಿದರು. "ಒಂಬತ್ತ ವರ್ಷ ಆತವ್ವ. ಜಳಕದ ನೀರು ನಾ ಮುಟ್ಟಿ ನೋಡಿ ಹೇಳಬೇಕು. ಹೋದ ವರ್ಷ ನಾ ಬರೂದರಾಗ ಕೈ ಅದ್ದಿ ಬೊಬ್ಬಿ ಎದ್ದರೂ ಇವರಿಗೆ ಗೊತ್ತಾಗಲಿಲ್ಲ. ಯಾರ ಮುಂದೂ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡಾರ. ಹಾಳಾಗಿ ಹೋಗಲಿ ಆ ಆಣಿ."

ಕಾಕಾ ಹಾಗೇ ಕುರ್ಚಿಯ ಮೇಲೆ ಕುಸಿದರು. ಅಂಗಿಯ ಅರ್ಧ ತೆರೆದೇ ಇತ್ತು.

"ಮತ್ತ ಹೌದು ಅಂತ ಹೆಂಗ ಹೇಳ್ತಿದ್ರಿ ಕಾಕಾ?"

"ದೊಡ್ಡ ಒದೆತ ಗೊತ್ತಾಗತೈತಿ. ಎಲುಬಿಗೆ ಬಡೀತೈತಿ, ಮೊಣಕೈತನಾ ಬರತೈತಿ. ಅದನ್ನ ನಾ ಇವತ್ತಿಗೂ ತಪ್ಪಿಲ್ಲ. ಸಣ್ಣದು ಬರಲೇ ಇಲ್ಲ. ನಿನ್ನ ಹೊಸಾ ಎಣ್ಣಿ ಅದನ್ನ ನುಂಗಿರಬೇಕು ಅಂತ ತಿಳಕೊಂಡೆ. ಹಂಗ ತಿಳಕೊಳ್ಳೂದು ಚಲೋ ಅನಸ್ತು."

"ಒಂದ ಮಾತು ಹೇಳಿದ್ರ ಆಗ್ತಿತ್ತಲ್ಲ."

"ಹೇಳಿದ್ರ ಆವತ್ತ ಮನೀಗೆ ಕಳಸ್ತಿದ್ರು. ಮನ್ಯಾಗ ಕುಂತು ನಾ ಯಾವುದಕ್ಕ ಹೌದು ಅನ್ನಲಿ?" ಅವರ ದನಿ ಇದ್ದಕ್ಕಿದ್ದಂತೆ ಏರಿತು. "ನೀ ಯಾಕ ಆ ಡಬ್ಬಿ ಒಳಗ ಇಟ್ಟಿ? ಆವತ್ತ ನನ್ನ ಮುಂದ ಹಿಡದಿದ್ದರ ನಾ ಬೆರಳ ಇಡತಿದ್ದೆ. ಇಡಬೇಕಂತನ ನಿಂತಿದ್ದೆ. ನಾನಾಗಿ ಹೆಂಗ ಕೇಳಲಿ ತಂಗಿ, ನನ್ನ ಕೈ ಸತ್ತೈತಿ, ನೋಡ್ರಿ ಅಂತ?"

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನಾವು ಕನ್ನಡಿ ಕೈಯಲ್ಲಿ ಹಿಡಿದು ಬೇರೆ ಕಡೆ ಮುಖ ತಿರುಗಿಸಿದ್ದೆವು.

ಮಾಡಬೇಕಾದ್ದು ಒಂದೇ ಇತ್ತು. ದಾಖಲೆಯ ಪ್ರಕಾರ ಆ ಕೈ ಸರಿ ಇದೆ. ಕೈ ಸರಿ ಇದ್ದರೆ ಅದು ಕಲಿಸಿದ್ದೂ ಸರಿ, ಅರವತ್ತು ತೋಪೂ ಸರಿ. ಆ ಕೈ ಸರಿ ಇಲ್ಲವೆಂದು ಎಲ್ಲರೆದುರು ತೋರಿಸಿದರೆ ಮಾತ್ರ ತೋಪುಗಳನ್ನು ವಾಪಸು ತರಿಸಿ ಮತ್ತೆ ಕಲಿಸಬಹುದು. ಇನ್ನೂ ಕೈ ಸಾಯದ ಹುಡುಗರಾದರೂ ಉಳಿದುಕೊಳ್ಳುತ್ತಾರೆ. ಇದನ್ನು ಹೇಳಿದೆ. ಅದರ ಬೆಲೆ ಏನೆಂದು ಹೇಳಲಿಲ್ಲ, ಅವರಿಗೆ ಗೊತ್ತಿತ್ತು.

ಕಾಕಾ ಹೆಂಡತಿಯ ಕಡೆ ತಿರುಗಿ ಕೇಳಿದರು: "ಖಂಡೇ ಪೂಜಿ ಎಂದೈತಿ?"

"ಇನ್ನ ಹನ್ನೊಂದ ದಿನ," ಎಂದರು ಕಾಕೂ.

"ಆವತ್ತ ತಗೊಂಡ ಬಾ ನಿನ್ನ ಡಬ್ಬಿ. ಎಲ್ಲಿ ಕುಂಕುಮ ಹಚ್ಚಿದ್ರೋ ಅಲ್ಲೇ ಆಗಲಿ."

ಪೂಜೆಯ ದಿನ ಕ್ರೇನಿಗೆ ಬಾಳೆಗಿಡ ಕಟ್ಟಿದ್ದರು, ಲೇಥುಗಳಿಗೆ ಚೆಂಡುಹೂವಿನ ಮಾಲೆ. ಪರುಶರಾಮ ಕುಂಕುಮದ ತಟ್ಟೆ ಹಿಡಿದು ಕಾಕಾನ ಬಳಿ ಬಂದ. ಕಾಕಾ ಕೈ ಹಿಂದೆ ತೆಗೆದುಕೊಂಡರು.

"ಮೊದಲ ಇದು," ಎಂದು ನನ್ನ ಡಬ್ಬಿ ತೋರಿಸಿದರು.

ಬಲಗೈಯ ತೋರುಬೆರಳು. ಮೊಳೆಯ ನಡುಕವನ್ನು ಮೆಲ್ಲಗೆ ಏರಿಸಿದೆ.

"ಬಂತೇನ್ರಿ ಕಾಕಾ?"

"ಇಲ್ಲ."

ಇನ್ನೂ ಏರಿಸಿದೆ. ಸಾಮಾನ್ಯರು ಕೈ ಹಿಂದೆ ಎಳೆದುಕೊಳ್ಳುವ ಮಟ್ಟಕ್ಕೆ ಬಂತು.

"ಇಲ್ಲ."

ಕೊನೆಯ ಗುರುತಿಗೆ ಏರಿಸಿದೆ. ಡಬ್ಬಿ ದುಂಬಿಯಂತೆ ಗುಂಯ್ಗುಡುತ್ತಿತ್ತು. ಮುಂದಿನ ಸಾಲಿನವರಿಗೆಲ್ಲ ಅದರ ಸದ್ದು ಕೇಳಿಸುತ್ತಿತ್ತು. ಅದರ ಮೇಲೆ ಬೆರಳಿಟ್ಟು ಕುಳಿತ ಕಾಕಾ ಕಣ್ಣು ಮುಚ್ಚಿ, ಸಲಾಕೆಯ ಹತ್ತಿರ ನಿಲ್ಲುತ್ತಿದ್ದರಲ್ಲ, ಅದೇ ಮುಖದಲ್ಲಿ ಕಾಯುತ್ತಿದ್ದರು.

"ಇಲ್ಲ," ಎಂದರು.

ಹತ್ತು ಬೆರಳಿಗೂ ಅದೇ ಮಾತು. ಮೂವತ್ತಾರು ವರ್ಷ ಹೌದೆಂದ ಮನುಷ್ಯ ಹತ್ತು ನಿಮಿಷ ಇಲ್ಲ ಎನ್ನುವುದನ್ನು ನಾವು ನಾನೂರು ಜನ ನಿಂತು ಕೇಳಿದೆವು. ಪರುಶರಾಮ ತಟ್ಟೆಯನ್ನು ಲೇಥಿನ ಮೇಲಿಟ್ಟು ಗೋಡೆಯ ಕಡೆ ತಿರುಗಿ ಅಳುತ್ತಿದ್ದ. ನನಗೆ ಅಳು ಬರಲಿಲ್ಲ. ಅಳುವ ಯೋಗ್ಯತೆಯೂ ಇರಲಿಲ್ಲ.

ಕಾಕಾ ಎದ್ದು ಕುಂದರಗಿ ಸಾಹೇಬರ ಮುಂದೆ ನಿಂತರು. "ಸಾಹೇಬ್ರ, ಯಂತ್ರಕ್ಕ ಕಲಿಸಿದ್ದು ಈ ಕೈ. ಆ ತೋಪು ತಿರುಗಿ ತರಸ್ರಿ. ಇನ್ನೊಬ್ಬರ ಕೈಲೆ ಕಲಸ್ರಿ."

ಸಾಹೇಬರು ಆಪ್ತ ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿದರು. ಅವನು ಓಡಿದ. ವಾಪಸು ಬಂದಾಗ ಅವನ ಕೈಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ! ಪೂಜೆಗೆ ಬಂದ ಅತಿಥಿಗಳಿಗೆಂದು ತರಿಸಿಟ್ಟದ್ದು. ಸಾಹೇಬರು ತಮ್ಮ ಕೈಯಾರೆ ಕಾಕಾನಿಗೆ ಶಾಲು ಹೊದಿಸಿದರು. "ಇಂಥ ಪ್ರಾಮಾಣಿಕ ಕಾರ್ಮಿಕ ನಮ್ಮ ಸಂಸ್ಥೆಯ ಹೆಮ್ಮೆ. ಇವತ್ತಿನಿಂದ ಅವರು ಗೌರವದ ವಿಶ್ರಾಂತಿ ಪಡೀತಾರೆ," ಎಂದು ಭಾಷಣ ಮಾಡಿದರು. ಜನ ಏನೂ ತೋಚದೆ ಚಪ್ಪಾಳೆ ತಟ್ಟಿದರು. ತಪ್ಪೊಪ್ಪಿಗೆಯನ್ನು ಸನ್ಮಾನ ಮಾಡಿ ಮುಗಿಸುವ ವಿದ್ಯೆ ನಮ್ಮ ದೇಶದವರಿಗೆ ಬರುವಷ್ಟು ಇನ್ನಾರಿಗೂ ಬರಲಾರದು. ಕಾಕಾ ಆ ಶಾಲಿನೊಳಗೆ ನಿಂತು, "ತೋಪು... ಸಾಹೇಬ್ರ, ತೋಪು..." ಎನ್ನುತ್ತಲೇ ಇದ್ದರು.

ಮಧ್ಯಾಹ್ನ ಸಾಹೇಬರ ಕೋಣೆಗೆ ಹೋಗಿ, ನನ್ನ ಸಹಿ ಸುಳ್ಳೆಂದು ಬರೆದ ಕಾಗದ ಮುಂದಿಟ್ಟೆ.

ಅವರು ಓದಿದರು. ಕೋಪ ಮಾಡಲಿಲ್ಲ. "ಶಾಲ್ಮಲಾ ಅವರೇ, ಅರವತ್ತು ತೋಪು ವಾಪಸ್ ತರಿಸಿದ್ರ ಗಡಿಯೊಳಗ ಏನಿಡೂದು? ನಿಮ್ಮ ಕಾಗದಾನಾ? ಗುರಿ ತಪ್ಪೇದೇನು? ಇಲ್ಲ. ಯಾರರ ಸತ್ತಾರೇನು? ಇಲ್ಲ."

"ಹನ್ನೊಂದ ಮಂದಿ ಕೈ ಸತ್ತಾವ ಸರ್."

"ನಿಮ್ಮ ಸಹಿ ಸುಳ್ಳಾದ್ರ ಅರವತ್ತೂ ಸುಳ್ಳು ಆಗ್ತಾವ. ಅರವತ್ತು ಸುಳ್ಳಾಗೂದು ಸಾಧ್ಯ ಇಲ್ಲ. ಅಂದಮ್ಯಾಲ ನಿಮ್ಮ ಸಹಿ ಖರೇನ." ಕಾಗದವನ್ನು ಮಡಚಿ ನನಗೇ ಕೊಟ್ಟರು. "ಹೊಸಾ ತೊಟ್ಟಿಲಕ್ಕ ಇದನ್ನ ಸರಿ ಮಾಡ್ರಿ. ಹಳೇವಕ್ಕ ಕೈಗವಸ ಕಳಸೋಣು."

ಕೈಗವಸು ಕಳಿಸಿದರು. ದಪ್ಪ ಚರ್ಮದವು. ಅವನ್ನು ತೊಟ್ಟರೆ ಸಣ್ಣ ಚಕ್ರ ತಿರುಗಿಸಲು ಬರುವುದಿಲ್ಲವೆಂದು ಹುಡುಗರು ತೆಗೆದಿಟ್ಟರಂತೆ. ನಾನು ಎರಡನೆಯ ತೊಟ್ಟಿಲು ಮಾಡಿದೆ. ಅದರಲ್ಲಿ ನಡುಕವಿಲ್ಲ, ಹೊಸ ತೋಪುಗಳಿಗೆ ಹಾಕುತ್ತಿದ್ದಾರೆ. ಮೊದಲಿನ ಅರವತ್ತು ಈಗಲೂ ಅಲ್ಲೇ ಇವೆ. ಅವುಗಳ ಮೇಲಿನ "ಹಸ್ತ" ಎಂಬ ಹೆಸರನ್ನು ಅಳಿಸಿ ನಂಬರು ಬರೆದಿದ್ದಾರೆ. ರಾಜೀನಾಮೆ ಕೊಡಬೇಕಿತ್ತು ಎಂದು ನೀವು ಅನ್ನಬಹುದು. ನಾನೂ ದಿನಾ ಅನ್ನುತ್ತೇನೆ.

ಮರುವರ್ಷ ದಸರೆಗೆ ಬನ್ನಿ ಕೊಡಲು ಕಾಕಾನ ಮನೆಗೆ ಹೋಗಿದ್ದೆ. ಕಾಕಾ ಗುಂಡಿಯಿಲ್ಲದ ಬನಿಯನ್ನು ತೊಟ್ಟು ಕುಳಿತಿದ್ದರು. ಈಗ ಮುಚ್ಚಿಡುವುದೇನೂ ಇರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಲಗಮಣ್ಣ ನಿಂತ. ಸೈನ್ಯದಿಂದ ಅವನನ್ನು ಮನೆಗೆ ಕಳಿಸಿದ್ದರು. ಅವನಿಗಿನ್ನೂ ಇಪ್ಪತ್ತೊಂಬತ್ತು ವರ್ಷ.

ಕಾಕೂ ಚಾಪೆ ಹಾಸಿದರು. ಲಗಮಣ್ಣ ಜೇಬಿನಿಂದ ಬನ್ನಿ ಎಲೆ ತೆಗೆದ. ಎರಡು ಸಲ ಜಾರಿದ ಮೇಲೆ ಮೂರನೆಯ ಸಲಕ್ಕೆ ಬಂತು. ಕಾಕಾನ ಮುಂದೆ ಬಗ್ಗಿ, ಅವರ ಮುಖವನ್ನೇ ನೋಡುತ್ತ ಅಂಗೈಯಲ್ಲಿ ಬನ್ನಿ ಇಟ್ಟ. ಕಾಕಾ ಅವನ ಮುಖವನ್ನೇ ನೋಡುತ್ತ ಮುಷ್ಟಿ ಮುಚ್ಚಿದರು.

"ಬನ್ನಿ ತಗೊಂಡ ಬಂಗಾರದಂಗ ಇರೂಣ್ರಿ ಕಾಕಾ."

"ಬಂಗಾರದಂಗ ಇರೂಣಪಾ," ಎಂದು ಕಾಕಾ ಆ ಮುಷ್ಟಿಯನ್ನು ಕಣ್ಣಿಗೊತ್ತಿಕೊಂಡರು.

ಬನ್ನಿ ಎಲೆಗಳು ಇಬ್ಬರ ನಡುವೆ ನೆಲದ ಮೇಲೆ ಬಿದ್ದಿದ್ದವು. ಕೊಟ್ಟವನಿಗೂ ಗೊತ್ತಾಗಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಾಗಿರಲಿಲ್ಲ. ಕಾಕೂ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ನಾನು ಬಗ್ಗಿ, ಸದ್ದಾಗದಂತೆ, ಎಲೆಗಳನ್ನು ಒಂದೊಂದಾಗಿ ಆರಿಸಿಕೊಂಡೆ.